ಪಾತ್ರೆ ತೊಳೆಯುವವರು ಯಾರು?

ಪಾತ್ರೆ ತೊಳೆಯುವ ಯಂತ್ರ ಅಥವಾ ಡಿಶ್‌ವಾಷರ್ ನಮ್ಮ ಮಧ್ಯಮ ವರ್ಗದ ಅಡುಗೆಕೋಣೆಗಳಿಗೂ ಕಾಲಿಟ್ಟಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಗೆಲಸದವರು ಬರುವುದು ನಿಂತಾಗ ದೇಶದಲ್ಲಿ ಅದರ ಮಾರಾಟ ಹಠಾತ್ತನೆ ಏರಿತು. ಆದರೆ ಮನೆಯಾಕೆ ಅದನ್ನು ಕೇಳಿದಾಗ 'ಇದೆಲ್ಲ ದುಂದುವೆಚ್ಚ' ಎಂದು ಉಪದೇಶಿಸುವ ಯಜಮಾನರಿಗೇನೂ ಕೊರತೆಯಿಲ್ಲ. ಮೊಬೈಲ್ ಮತ್ತು ಕಾರು ಬದಲಿಸುವಾಗ ಈ ಉಪದೇಶ ಅವರಿಗೆ ನೆನಪಾಗುವುದಿಲ್ಲವೇಕೆ?

ಸರಕಾರದ ಧೋರಣೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಈ ಯಂತ್ರದ ಮೇಲೆ ಶೇ. 28 ತೆರಿಗೆ ವಿಧಿಸಲಾಯಿತು. 2018ರಲ್ಲಿ ಬಟ್ಟೆ ಒಗೆಯುವ ಯಂತ್ರ ಮತ್ತು ಫ್ರಿಜ್‌ಗಳ ತೆರಿಗೆ ಶೇ. 18ಕ್ಕೆ ಇಳಿಯಿತು. ಪಾತ್ರೆ ತೊಳೆಯುವ ಯಂತ್ರಕ್ಕೆ ಆ ಭಾಗ್ಯ ಒದಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಹೆಣ್ಣಿನ ಸೊಂಟನೋವನ್ನು ಕಡಿಮೆ ಮಾಡುವ ಉಪಕರಣವು ಎಂಟು ವರ್ಷಗಳ ಕಾಲ ಐಷಾರಾಮದ ಪಟ್ಟಿಯಲ್ಲೇ ಉಳಿದಿತ್ತೆಂಬುದು ನಮ್ಮ ಆಡಳಿತಗಾರರ ದೃಷ್ಟಿ ಎತ್ತ ಹರಿಯುತ್ತದೆ ಎಂಬುದಕ್ಕೆ ಸಾಕ್ಷಿ.

ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಾರೆ. ಪುರುಷರು ವ್ಯಯಿಸುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ 299 ಮತ್ತು 97 ಆಗಿದ್ದವು. ಸಂಬಳವಿಲ್ಲದ, ರಜೆಯಿಲ್ಲದ ಈ ದುಡಿಮೆಯಲ್ಲಿ ಮುಸ್ಲಿಮ್ ಮನೆಗಳೂ ಸೇರಿವೆ. ರಮಝಾನ್‌ನಲ್ಲಂತೂ ಅದರ ಭಾರ ಇಮ್ಮಡಿಯಾಗುತ್ತದೆ. ಇಫ್ತಾರ್‌ನ ಬಗೆಬಗೆಯ ತಿನಿಸುಗಳನ್ನು ಉಂಡು ಪುರುಷರು ತರಾವೀಹ್‌ಗೆ ಹೊರಡುತ್ತಾರೆ. ಉಪವಾಸವಿದ್ದು ಅವನ್ನೆಲ್ಲ ಬೇಯಿಸಿದ ಮಹಿಳೆಯ ಮುಂದೆ ಎಂಜಲು ಪಾತ್ರೆಗಳ ರಾಶಿ ಬಿದ್ದಿರುತ್ತದೆ. ಅನುಗ್ರಹದ ತಿಂಗಳ ರಾತ್ರಿಗಳು ಆಕೆಗೂ ಸೇರಿದ್ದಲ್ಲವೇ?

ಮನೆಯಲ್ಲಿ ಪ್ರವಾದಿಯವರು(ಸ) ಏನು ಮಾಡುತ್ತಿದ್ದರೆಂದು ಕೇಳಿದಾಗ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ ಹದೀಸ್‌ಗಳಲ್ಲಿ ದಾಖಲಾಗಿದೆ. ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು. ತಮ್ಮ ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆಗೆ ಹೊಲಿಗೆ ಹಾಕುತ್ತಿದ್ದರು. ಗಡ್ಡ ಮತ್ತು ಉಡುಪಿನ ಸುನ್ನತ್‌ಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಈ ಸುನ್ನತನ್ನು ಮರೆತದ್ದು ಹೇಗೆ?

ಯಂತ್ರ ಕೊಂಡು ತಂದ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ. ಅದೂ ಆರೈಕೆಯನ್ನು ಬೇಡುತ್ತದೆ. ಅನ್ನದಗುಳು, ಮೂಳೆಗಳನ್ನು ತೆಗೆದು ಹಾಕಿದ ಬಳಿಕವೇ ತಟ್ಟೆಗಳನ್ನು ಅದರೊಳಗೆ ಜೋಡಿಸಬೇಕು. ತಳದಲ್ಲಿರುವ ಜಾಲರಿಯನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಬೇಕು. ನೀರು ಚಿಮ್ಮುವ ತೋಳುಗಳ ರಂಧ್ರಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಕೊಳವೆಬಾವಿಯ ಗಡಸು ನೀರಿರುವಲ್ಲಿ ಇದಕ್ಕೆಂದೇ ದೊರೆಯುವ ಉಪ್ಪನ್ನು ತುಂಬಿಸಬೇಕು. ನೀರಿನ ಗಡಸುತನ ತೆಗೆಯುವ ಭಾಗಕ್ಕೆ ಮರುಚೈತನ್ಯ ನೀಡುವುದು ಆ ಉಪ್ಪೇ. ಅದಿಲ್ಲದಿದ್ದರೆ ಗಾಜಿನ ಮೇಲೆ ಬಿಳಿ ಕಲೆಗಳು ಕೂರುತ್ತವೆ. ಸಾಮಾನ್ಯ ಪಾತ್ರೆ ತೊಳೆಯುವ ದ್ರವವನ್ನು ಹಾಕಿದರೆ ಒಳಗೆಲ್ಲ ನೊರೆಯೇಳುತ್ತದೆ. ಕಬ್ಬಿಣದ ಕಾವಲಿ, ಮರದ ಸೌಟು, ತಾಮ್ರ-ಹಿತ್ತಾಳೆಯ ಪಾತ್ರೆಗಳನ್ನು ಕೈಯಲ್ಲೇ ತೊಳೆಯಬೇಕು. ಅಲ್ಯೂಮಿನಿಯಂ ಪಾತ್ರೆಗಳು ಯಂತ್ರದಲ್ಲಿ ಕಪ್ಪಾಗುತ್ತವೆ. ಬೈಕಿನ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕೆಂದು ಬಲ್ಲ ಗಂಡಸರಿಗೆ ಇದನ್ನು ಕಲಿಯುವುದು ಕಷ್ಟವೇನಲ್ಲ.

ನೀರಿನ ವಿಚಾರದಲ್ಲೂ ಎಚ್ಚರ ಬೇಕು. ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿಸಿದ ಧರ್ಮ ನಮ್ಮದು. ಇಂದಿನ ಯಂತ್ರಗಳು ಸಾಮಾನ್ಯವಾಗಿ 10ರಿಂದ 15 ಲೀಟರ್ ನೀರಿನಲ್ಲಿ ಇಡೀ ಕುಟುಂಬದ ಪಾತ್ರೆಗಳನ್ನು ತೊಳೆಯುತ್ತವೆ. ನಲ್ಲಿಯನ್ನು ತೆರೆದಿಟ್ಟು ತೊಳೆಯುವುದಕ್ಕೆ ಹೋಲಿಸಿದರೆ ಇದು ದೊಡ್ಡ ಉಳಿತಾಯ. ಆದರೆ ನಾಲ್ಕು ಲೋಟಗಳಿಗಾಗಿ ಯಂತ್ರ ಓಡಿಸಿದರೆ ಆ ಉಳಿತಾಯಕ್ಕೆ ಅರ್ಥವಿರುವುದಿಲ್ಲ.

ಇನ್ನೆರಡು ಮಾತುಗಳನ್ನು ಹೇಳಲೇಬೇಕು. ವಧುವಿನ ಮನೆಯಿಂದ ಬರಬೇಕಾದ ವಸ್ತುಗಳ ಪಟ್ಟಿಯಲ್ಲಿ ಈ ಯಂತ್ರಕ್ಕೆ ಸ್ಥಾನ ಸಿಕ್ಕರೆ, ಅದು ಎಂಜಲನ್ನು ತೊಳೆದೀತೇ ಹೊರತು ವರದಕ್ಷಿಣೆಯ ಪಾಪವನ್ನಲ್ಲ. ಹಾಗೆಯೇ, ಯಂತ್ರ ಬಂತೆಂಬ ನೆಪದಲ್ಲಿ ವರ್ಷಗಟ್ಟಲೆ ಮನೆಯಲ್ಲಿ ದುಡಿದಾಕೆಯನ್ನು ದಿಢೀರನೆ ಕೈಬಿಡುವುದು ನ್ಯಾಯವಲ್ಲ. ಕರ್ನಾಟಕ ಸರಕಾರವು 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿತ್ತು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆ ಅದಕ್ಕಿಂತಲೂ ಹದಿನಾಲ್ಕು ಶತಮಾನಗಳಷ್ಟು ಹಳೆಯದು.

ಯಂತ್ರ ಕೊಳ್ಳುವ ಸಾಮರ್ಥ್ಯವಿರುವವರು ಕೊಳ್ಳಲಿ, ಅದು ದುಂದುವೆಚ್ಚವಲ್ಲ. ಇಲ್ಲದವರ ಮನೆಯಲ್ಲೂ ಎರಡು ಕೈಗಳುಳ್ಳ ಪುರುಷರಿದ್ದಾರೆ. ಉಂಡ ತಟ್ಟೆಯನ್ನು ತಾನೇ ತೊಳೆದಿಡಲು ಯಾವ ಬಂಡವಾಳವೂ ಬೇಕಾಗಿಲ್ಲ. ಜುಮಾ ಖುತ್ಬಾಗಳಲ್ಲಿ ಇದರ ಪ್ರಸ್ತಾಪವಾಗಲಿ, ತಂದೆಯರು ಗಂಡುಮಕ್ಕಳಿಗೆ ಇದನ್ನು ಮಾಡಿ ತೋರಿಸಲಿ. ಸಮುದಾಯದ ಸುಧಾರಣೆಯ ಬಗ್ಗೆ ವೇದಿಕೆಗಳಲ್ಲಿ ಮಾತಾಡುವ ನಮಗೆ ಅಡುಗೆಕೋಣೆಯ ಬಚ್ಚಲು ದೂರವೇನಲ್ಲ.