ಬೋಂಡಾ ಎಣ್ಣೆಯಲ್ಲಿ ಕಾರು: ಲಾಭ ಯಾರಿಗೆ, ನಷ್ಟ ಯಾರಿಗೆ?

ಬೋಂಡಾ ಕರಿದು ಮಿಕ್ಕ ಎಣ್ಣೆಯಲ್ಲಿ ಡೀಸೆಲ್ ಕಾರು ಓಡುತ್ತದೆಯೇ? ಓಡುತ್ತದೆ ಸ್ವಾಮಿ, ಅನುಮಾನವೇ ಬೇಡ. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲೇ ಕಡಲೆಕಾಯಿ ಎಣ್ಣೆ ಹಾಕಿ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ್ದರು. (ಪ್ರತಿ ಆಗಸ್ಟ್ 10ರ ಜೈವಿಕ ಇಂಧನ ದಿನದ ಭಾಷಣಗಳಲ್ಲಿ ಇದು 1893ರಲ್ಲಿ ನಡೆಯಿತು ಅಂತ ಹೇಳುವವರಿದ್ದಾರೆ. ಆ ವರ್ಷ ಎಂಜಿನ್ನಿನ ಪರೀಕ್ಷೆ ನಡೆದದ್ದು ನಿಜ, ಕಡಲೆಕಾಯಿ ಎಣ್ಣೆ ಮಾತ್ರ ಇರಲಿಲ್ಲ.) ಕೇಳಬೇಕಾದ್ದು ಬೇರೆ: ಎಷ್ಟು ದಿನ ಓಡುತ್ತದೆ, ಆಮೇಲೆ ಮೆಕ್ಯಾನಿಕ್ ಬಿಲ್ಲು ಕಟ್ಟೋರು ಯಾರು?

ತೊಂದರೆ ಇರುವುದು ಎಣ್ಣೆಯ ಮಂದದಲ್ಲಿ. 40 ಡಿಗ್ರಿ ಶಾಖದಲ್ಲಿ ಅಳೆದರೆ ಅಡುಗೆ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್ಲಿನಿಂದ ಮಂಜಿನಂತೆ ಸಿಡಿಯಬೇಕಾದ್ದು ದಪ್ಪ ಹನಿಯಾಗಿ ಬೀಳುತ್ತದೆ, ಪೂರಾ ಉರಿಯುವುದಿಲ್ಲ. ನಾಜಲ್ ಬಾಯಿಗೆ ಮಸಿ ಕಟ್ಟುತ್ತದೆ. ಪಿಸ್ಟನ್ ರಿಂಗು ಹಿಡಿದುಕೊಳ್ಳುತ್ತದೆ. ಉರಿಯದೆ ಉಳಿದದ್ದು ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಸೇರಿ ಅದನ್ನೂ ಗಟ್ಟಿ ಮಾಡುತ್ತದೆ. ಮೊದಲ ತಿಂಗಳು ಯಜಮಾನರು ಮೀಸೆ ತಿರುವುತ್ತಾರೆ, ಆಮೇಲೆ ಗ್ಯಾರೇಜಿನ ಮುಂದೆ ಕೂತಿರುತ್ತಾರೆ.

ಇದಕ್ಕೆ ಮದ್ದು ಬಿಸಿ. 70-80 ಡಿಗ್ರಿಗೆ ಕಾಯಿಸಿದರೆ ಎಣ್ಣೆ ಸಾಕಷ್ಟು ತೆಳುವಾಗುತ್ತದೆ. ಆ ಬಿಸಿಗೆ ಬೇರೆ ಒಲೆ ಬೇಕಿಲ್ಲ, ಎಂಜಿನ್ ತಣಿಸಿ ರೇಡಿಯೇಟರಿಗೆ ಹೋಗುವ ನೀರೇ ಸಾಕು. ಆ ನೀರಿನ ಪೈಪನ್ನು ಎಣ್ಣೆ ಟ್ಯಾಂಕು, ಫಿಲ್ಟರುಗಳ ಮೂಲಕ ಹಾಯಿಸುತ್ತಾರೆ. ಟ್ಯಾಂಕು ಮಾತ್ರ ಎರಡು ಬೇಕು. ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಿ, ನೀರು ಕಾದ ಮೇಲೆ ಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಡೀಸೆಲ್ಲಿಗೆ ಬಂದು ಪಂಪು, ನಾಜಲ್ಲುಗಳನ್ನು ತೊಳೆಯಬೇಕು. ಅದನ್ನು ಮರೆತರೆ ಬೆಳಿಗ್ಗೆ ತಣ್ಣಗಾದ ಎಣ್ಣೆ ಒಳಗೇ ಕೂತಿರುತ್ತದೆ, ತಳ್ಳಿದರೂ ಗಾಡಿ ಹಿಡಿಯಲ್ಲ. ಇನ್ನೊಂದು ಮಾತು: ಎಣ್ಣೆ ತಾಗುವ ಕಡೆ ತಾಮ್ರದ ಪೈಪು ಕೂಡದು. ಬಿಸಿ ಎಣ್ಣೆಗೆ ತಾಮ್ರ ತಾಗಿದರೆ ಅಂಟು ಕಟ್ಟುವುದು ಬೇಗ. ಸ್ಟೀಲೋ ಅಲ್ಯೂಮಿನಿಯಮ್ಮೋ ಆಗಬೇಕು.

ಈಗ ನಮ್ಮ ಹಾಸನಕ್ಕೆ ಬನ್ನಿ. ಹೋಟೆಲಿನವರು ಬಳಸುವ ಪಾಮೋಲಿನ್ ಎಣ್ಣೆ ಚಳಿಗೆ ಬೇಗ ಹೆಪ್ಪುಗಟ್ಟುವ ಜಾತಿ. ಹಳೇ ಬಸ್ ಸ್ಟ್ಯಾಂಡಿನಿಂದ ಹೊಸ ಬಸ್ ಸ್ಟ್ಯಾಂಡಿಗೆ ಹೋಗೋವಷ್ಟರಲ್ಲಿ ಎಂಜಿನ್ ನೀರೇ ಸರಿಯಾಗಿ ಕಾಯುವುದಿಲ್ಲ, ಎಣ್ಣೆಗೆ ತಿರುಗಿಸುವ ಹೊತ್ತಿಗೆ ಇಳಿಯುವ ಜಾಗ ಬಂದಿರುತ್ತದೆ. ಸಕಲೇಶಪುರಕ್ಕೋ ಮಂಗಳೂರಿಗೋ ಒಂದೇ ಸಮನೆ ಓಡುವ ಹಳೇ ಗಾಡಿಗಾದರೆ ಸರಿ. ಹೊಸ ಕಾಮನ್‌ರೈಲ್ ಕಾರಿನವರು ಈ ಆಸೆ ಬಿಡುವುದು ಒಳ್ಳೆಯದು. ಅದರ ಪಂಪು, ನಾಜಲ್ಲುಗಳ ಬೆಲೆ ಕೇಳಿದರೆ ಉಳಿಸಿದ ದುಡ್ಡೆಲ್ಲ ನೆನಪಿಗೆ ಬರುತ್ತದೆ. ಜೊತೆಗೆ ಕಾನೂನಿದೆ. ಆರ್‌ಸಿಯಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ.

ಇದಕ್ಕಿಂತ ನೇರವಾದ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಮಡೆನೂರಿನ ಜೈವಿಕ ಇಂಧನ ಪಾರ್ಕನ್ನು ಕೃಷಿ ವಿಶ್ವವಿದ್ಯಾಲಯ ಶುರು ಮಾಡಿದ್ದು 2007ರಲ್ಲಿ. ಬದುವಿನ ಮೇಲೆ ಹೊಂಗೆ, ಬೇವು ಬೆಳೆಸಿ ಬೀಜ ಮಾರಿ ಎಂದು ರೈತರಿಗೆ ಹೇಳಿಕೊಟ್ಟವರು ಅವರು. ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿದರೆ ಗ್ಲಿಸರಿನ್ ಕೆಳಗೆ ಇಳಿಯುತ್ತದೆ, ಮೇಲೆ ನಿಲ್ಲುವ ಬಯೋಡೀಸೆಲ್ ಹೆಚ್ಚು ಕಡಿಮೆ ಡೀಸೆಲ್ಲಿನಷ್ಟೇ ತೆಳು. ಕಾಯಿಸುವ ಗೊಡವೆಯೇ ಇಲ್ಲ, ಡೀಸೆಲ್ಲಿಗೆ ಬೆರೆಸಬಹುದು. 2030ಕ್ಕೆ ಶೇ. 5ರಷ್ಟು ಬೆರೆಸಬೇಕೆಂದು 2018ರ ರಾಷ್ಟ್ರೀಯ ನೀತಿ ಬರೆದಿಟ್ಟಿದೆ. ಗುರಿ ಇನ್ನೂ ಬಹಳ ದೂರ.

ಕರಿದ ಎಣ್ಣೆಗೂ ಅದೇ ದಾರಿ. ಪದೇ ಪದೇ ಕಾಯಿಸಿ ಕೆಟ್ಟ ಎಣ್ಣೆಯ ಅಂಶ ಶೇ. 25 ದಾಟಿದರೆ ಅದರಲ್ಲಿ ಅಡುಗೆ ಕೂಡದು, ಈ ನಿಯಮ 2018ರ ಜುಲೈಯಿಂದ ಇದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕವಿಟ್ಟು, ಮಿಕ್ಕದ್ದನ್ನು ಅಧಿಕೃತ ಸಂಸ್ಥೆಗೆ ಕೊಡಬೇಕೆಂದು 2019ರ ಮಾರ್ಚಿಯಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಆಜ್ಞೆ. ಸರಿ, ಬಸ್ ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿಯವನು ಎಲ್ಲಿ 50 ಲೀಟರು ಸುಡುತ್ತಾನೆ? ಅವನಿಗೆ ಲೆಕ್ಕವೂ ಇಲ್ಲ, ಕೇಳುವವರೂ ಇಲ್ಲ. ನಿನ್ನೆಯ ಕಪ್ಪೆಣ್ಣೆಯ ಮೇಲೆ ಇವತ್ತು ಒಂದಿಷ್ಟು ಹೊಸದು ಸುರಿದು ಮೆಣಸಿನಕಾಯಿ ಬಿಡುತ್ತಾನೆ. ಅದನ್ನು ತಿಂದು ಬಸ್ ಹತ್ತುವವರು ನಾವು.

ಅವನನ್ನು ಬೈದು ಪ್ರಯೋಜನವಿಲ್ಲ. ಚೆಲ್ಲಿದರೆ ಅವನಿಗೆ ನಷ್ಟ, ಕಾಸು ಕೊಟ್ಟು ಕೊಳ್ಳುವವರು ಬಾಗಿಲಿಗೆ ಬಂದರೆ ಚೆಲ್ಲುವ ಮಾತೇ ಇಲ್ಲ. ವಾರಕ್ಕೆರಡು ಸಲ ಸಣ್ಣ ಅಂಗಡಿಗಳ ಡಬ್ಬ ಎತ್ತಿ, ಅಳತೆ ಮಾಡಿ, ಸ್ಥಳದಲ್ಲೇ ದುಡ್ಡು ಕೊಟ್ಟು ಹೋಗುವ ಒಂದು ಗಾಡಿ ಬೇಕು. ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲ್ ಮಾಲೀಕರ ಸಂಘದವರನ್ನೂ ತಳ್ಳುಗಾಡಿಯವರನ್ನೂ ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡರೆ ಆ ಗಾಡಿಯ ದರ, ದಿನ ಎರಡೂ ಗೊತ್ತಾಗುತ್ತದೆ.