ಹಳೆಯ ಪಿಕಪ್ ಇರಲೋ, ಹೋಗಲೋ?

ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದೊಡನೆ ಹಳೆಯ ಪಿಕಪ್ ಕೊಟ್ಟು ಹೊಸದನ್ನು ತರುವ ಮಾತು ನಮ್ಮ ಬೆಳೆಗಾರರಲ್ಲಿ ಏಳುತ್ತದೆ. ಗಾಡಿಯ ವಯಸ್ಸೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಘಟ್ಟದ ರಸ್ತೆಯಲ್ಲಿ ಕ್ಲಚ್, ಬ್ರೇಕ್, ಟಯರು ಸವೆಯುವುದು ಸಹಜ, ಬದಲಿಸಿದರಾಯಿತು. ಮಳೆಯಿಂದಲೂ ಗೊಬ್ಬರದ ಉಪ್ಪಿನಿಂದಲೂ ಚಾಸಿಯನ್ನು ತುಕ್ಕು ತಿಂದಿದ್ದರೆ ಮಾತ್ರ ರಿಪೇರಿಗೆ ಹಣ ಸುರಿಯುವುದು ವ್ಯರ್ಥ. ಚಾಸಿ ಗಟ್ಟಿಯಿದ್ದರೆ ಒಂದು ಕಡೆ ವರ್ಷದ ರಿಪೇರಿ ಖರ್ಚು, ಇನ್ನೊಂದು ಕಡೆ ಹೊಸ ಗಾಡಿಯ ಸಾಲದ ಬಡ್ಡಿ, ವಿಮೆ, ಬೆಲೆಯ ಇಳಿತ ಬರೆದು ನೋಡಬೇಕು. ಬಾಡಿಗೆಗೂ ಓಡುವ ಹಳದಿ ಬೋರ್ಡಿನ ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸುವ ಖರ್ಚೂ ಸೇರಲಿ. ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಬೀಳಬೇಕು. ಅಂದು ಗಾಡಿ ದಾರಿಯಲ್ಲಿ ನಿಂತರೆ ಆಗುವ ನಷ್ಟ ಗ್ಯಾರೇಜಿನ ಬಿಲ್ಲಿನಲ್ಲಿ ಕಾಣುವುದಿಲ್ಲ.

ವರ್ಷಕ್ಕೆ ಹತ್ತಿಪ್ಪತ್ತು ಲೋಡು ಮಾತ್ರ ಇರುವವರಿಗೆ ಸ್ವಂತ ಗಾಡಿಗಿಂತ ನಾಲ್ಕು ಮನೆಯವರು ಸೇರಿ ಬಾಡಿಗೆಗೆ ಗೊತ್ತುಮಾಡುವುದೇ ಮೇಲು.

ಮಾರುವವರು 29 ಮತ್ತು 30ನೇ ನಮೂನೆಗಳಿಗೆ ರುಜು ಹಾಕಿ ಸುಮ್ಮನಾಗಬಾರದು. ಆರ್.ಟಿ.ಒ. ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಆರ್.ಸಿ. ಕೊಂಡವರ ಹೆಸರಿಗೆ ಆದುದನ್ನು ಕಣ್ಣಾರೆ ಕಂಡ ಮೇಲೆಯೇ ವ್ಯಾಪಾರ ಮುಗಿಯಿತೆಂದು ತಿಳಿಯತಕ್ಕದ್ದು.