ಏರ್‌ಗನ್ ಸಿಗುತ್ತೆ, ಹೊಡೆಯೋಕೆ ಜಾಗ ಸಿಗೋಲ್ಲ

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೀತಿದ್ದಾಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರೂ ಶೂಟಿಂಗ್ ಪಂಡಿತರಾಗಿಬಿಟ್ಟಿದ್ದರು. ಮನು ಭಾಕರ್‌ಗೆ ಎರಡು ಕಂಚು, ಅದರಲ್ಲೊಂದು ಸರಬ್‌ಜೋತ್ ಸಿಂಗ್ ಜೊತೆ. ಸ್ವಪ್ನಿಲ್ ಕುಸಾಳೆಗೆ ಇನ್ನೊಂದು. "ಮಗಾ, ನಾವೂ ಒಂದ್ಸಲ ಟ್ರೈ ಮಾಡ್ಬೇಕು ಕಣೋ" ಅಂದವರು ಕಮ್ಮಿ ಅಂದ್ರೂ ಎಂಟು ಜನ. ಹೋದವನು ನಾನೊಬ್ಬನೇ. ಉಳಿದವರು ಸೋಮಾರಿಗಳು ಅಂತಲ್ಲ (ಇಬ್ಬರು ಹೌದು :-) ). ಎಲ್ಲಿಗೆ ಹೋಗಬೇಕು, ಯಾರನ್ನ ಕೇಳಬೇಕು, ಲೈಸೆನ್ಸ್ ಬೇಕಾ, ಎಷ್ಟು ಖರ್ಚು... ಇದು ಯಾವುದೂ ಯಾರಿಗೂ ಗೊತ್ತಿರಲಿಲ್ಲ.

ಈಗ ನಾನು ಶನಿವಾರ ಬೆಳಿಗ್ಗೆ ಬೆಂಗಳೂರಿನ ಒಂದು ಕ್ಲಬ್ಬಿನ ರೇಂಜಿಗೆ ಹೋಗಿ ಏರ್ ಪಿಸ್ತೂಲು ಹೊಡೀತೀನಿ. ಮೆಡಲ್ಲು ಗಿಡಲ್ಲು ಏನೂ ಇಲ್ಲ, ಸುಮ್ಮನೆ ಖುಷಿಗೆ. ಗೊತ್ತಾದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: "ಒಳ್ಳೇ ಏರ್‌ಗನ್ ಯಾವ್ದು ತಗೋಬೇಕು?" ನನ್ನ ತಕರಾರು ಇರೋದೇ ಈ ಪ್ರಶ್ನೆಯ ಮೇಲೆ. ಕೇಳಬೇಕಾದದ್ದು "ಯಾವುದು ತಗೋಬೇಕು" ಅಂತಲ್ಲ, "ಎಲ್ಲಿಗೆ ಹೋಗಬೇಕು" ಅಂತ. ಆದರೆ ನಮ್ಮಲ್ಲಿ ಮೊದಲ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತೆ, ಎರಡನೆಯದಕ್ಕೆ ತಿಂಗಳುಗಟ್ಟಲೆ ಅಲೆಯಬೇಕು. ಇದು ತಲೆಕೆಳಗಾದ ವ್ಯವಸ್ಥೆ ಅಂತ ನನಗನಿಸುತ್ತೆ.

ಕಾನೂನು ಏನು ಹೇಳುತ್ತೆ ನೋಡಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಬೋರಿನ, ಅಂದರೆ 4.5 ಮಿಲಿಮೀಟರಿನ, 20 ಜೌಲ್ ಮೀರದ ಏರ್ ರೈಫಲ್ಲಿಗಾಗಲಿ ಏರ್ ಪಿಸ್ತೂಲಿಗಾಗಲಿ ಲೈಸೆನ್ಸ್ ಬೇಕಿಲ್ಲ. ಗುರುತಿನ ಚೀಟಿ ತೋರಿಸಿ ಅಂಗಡಿಯಿಂದ ತರಬಹುದು. ಅದಕ್ಕಿಂತ ಮೇಲಿನದಕ್ಕೆ, .22 ರೈಫಲ್ ಆಗಲಿ ತೋಟೆ ಕೋವಿ ಆಗಲಿ, ಲೈಸೆನ್ಸ್ ಬೇಕೇ ಬೇಕು. ಈ ವಿನಾಯಿತಿ ಇರೋದರಿಂದಲೇ ನನ್ನಂಥವರು ಈ ಆಟ ಆಡೋಕೆ ಸಾಧ್ಯವಾಗಿರೋದು, ಹಾಗಾಗಿ ಅದರ ಬಗ್ಗೆ ದೂರಿಲ್ಲ. ಒಂದು ಕಾಲಕ್ಕೆ ಶೂಟಿಂಗ್ ಅಂದರೆ ಮಹಾರಾಜರ ಆಟ. ಬಿಕಾನೇರಿನ ಕರಣಿ ಸಿಂಗ್ 1960ರಿಂದ 1980ರೊಳಗೆ ಐದು ಒಲಿಂಪಿಕ್ಸ್ ಆಡಿದವರು. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾಗೆ ಮನೆಯಲ್ಲೇ ರೇಂಜ್ ಇತ್ತು. ಆಮೇಲೆ ಈ ಆಟ ಹರಿಯಾಣದ ಹಳ್ಳಿಗಳಿಗೂ ಇಳಿದು ಬಂತು ಅಂದರೆ ಅದಕ್ಕೆ ಒಂದು ಕಾರಣ ಈ ಹತ್ತು ಮೀಟರಿನ ಏರ್ ಪಿಸ್ತೂಲು, ಏರ್ ರೈಫಲ್ಲುಗಳೇ. ಲೈಸೆನ್ಸಿನ ರಗಳೆ ಇಲ್ಲ, ದೊಡ್ಡ ಮೈದಾನ ಬೇಡ, ಮಳೆ ಬಂದರೂ ಆಡಬಹುದು.

ನನ್ನ ದೂರು ಇರೋದು ಇನ್ನರ್ಧದ ಬಗ್ಗೆ. ಕೊಳ್ಳೋಕೆ ಬಿಟ್ಟಿದ್ದೀರಿ ಸರಿ, ಹೊಡೆಯೋಕೆ ಜಾಗ ಎಲ್ಲಿ?

ನಮ್ಮೂರು ಮಲೆನಾಡು. ಅಕ್ಕನ ಮಗ ಒಂಬತ್ತನೇ ಕ್ಲಾಸು. ನಾನು ರೇಂಜಿಗೆ ಹೋಗ್ತೀನಿ ಅಂತ ಗೊತ್ತಾದ ದಿನದಿಂದ ಫೋನ್ ಮಾಡಿದಾಗೆಲ್ಲ ಒಂದೇ ರಾಗ: "ಮಾಮ, ನಂಗೂ ಒಂದು ಏರ್‌ಗನ್ ಕೊಡ್ಸು. ತೋಟದಲ್ಲಿ ಮಂಗನ ಕಾಟ ಜಾಸ್ತಿ ಆಗಿದೆ." ಕೊಡಿಸಲ್ಲ ಅಂದೆ. ಮಂಗ ಬರೀ ನೆಪ, ಒಂದು ವಾರದಲ್ಲಿ ಅದರ ನಳಿಗೆ ಹಲಸಿನ ಮರದ ಗಿಳಿಗಳ ಕಡೆ ತಿರುಗುತ್ತೆ ಅಂತ ನನಗೆ ಗೊತ್ತು. ಏರ್‌ಗನ್ನಿಗೆ ಲೈಸೆನ್ಸ್ ಬೇಡದೇ ಇರಬಹುದು, ಆದರೆ ಅದರಲ್ಲಿ ಗಿಳಿಯನ್ನೋ ನವಿಲನ್ನೋ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಬೇಟೆಯೇ, ಅಪರಾಧವೇ. ಹತ್ತಿರದಿಂದ ಮನುಷ್ಯರ ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಅಂತಲೇ ಲೆಕ್ಕ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ ಸರೆಂಡರ್ ಅಭಿಯಾನ ಅಂತಲೇ ಶುರುವಾಯಿತು. ಹಕ್ಕಿ, ಪ್ರಾಣಿ ಉಳಿಯಲಿ ಅಂತ ಜನ ತಾವಾಗಿಯೇ ಏರ್‌ಗನ್ ತಂದೊಪ್ಪಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಒಂದೇ ಮಾತು ಕೇಳಿದ: "ಹಂಗಾರೆ ನೀನು ಬೆಂಗ್ಳೂರಲ್ಲಿದೀಯ ಅಂತ ಹೊಡಿಬಹುದು, ನಾನು ಇಲ್ಲಿದೀನಿ ಅಂತ ಹೊಡಿಬಾರ್ದಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಕೇಳಿದ್ದು ಸರಿಯಾಗೇ ಇದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಸ್ಪರ್ಧೆ ಮಾಡುತ್ತಾರೆ. ಅಲ್ಲಿ ಕೋವಿಯ ಜೊತೆ ಅದನ್ನು ಹೇಗೆ ಹಿಡಿಯಬೇಕು, ಯಾವಾಗ ಕೆಳಗಿಡಬೇಕು ಅಂತ ಹೇಳಿಕೊಡುವ ಹಿರಿಯರೂ ಇದ್ದಾರೆ. ಉಳಿದ ಕಡೆ? ಜಾತ್ರೆಯಲ್ಲಿ ಬಲೂನು ಹೊಡೆಯೋ ಅಂಗಡಿ. ಅಷ್ಟೇ ನಮ್ಮ ಶೂಟಿಂಗ್ ರೇಂಜು!

ಇರಲಿ. ಮೊದಲು, ಈಗ ಇರುವ ವ್ಯವಸ್ಥೆಯಲ್ಲೇ ಶುರು ಮಾಡೋದು ಹೇಗೆ ಅಂತ ಹೇಳಿಬಿಡ್ತೀನಿ. ಕೇಳಿದವರಿಗೆಲ್ಲ ಒಂದೊಂದು ಸಲ ಹೇಳಿ ಸುಸ್ತಾಗಿದೆ :-)

ಒಂದು, ಏನನ್ನೂ ಕೊಳ್ಳಬೇಡಿ. ಕ್ಲಬ್ಬಿನ ಪಿಸ್ತೂಲಲ್ಲೋ ರೈಫಲ್ಲಲ್ಲೋ ಮೂರು ತಿಂಗಳು ಹೊಡೆಯಿರಿ. ಸ್ಪರ್ಧೆಯಲ್ಲಿ ಬಳಸುವ ಒಳ್ಳೆಯ ವಿದೇಶಿ ಪಿಸ್ತೂಲಿಗೆ ಲಕ್ಷ ದಾಟುತ್ತೆ. ಅಷ್ಟು ಸುರಿದ ಮೇಲೆ "ಇದು ನನಗಲ್ಲ" ಅನ್ನಿಸಿದರೆ ಅದು ಬೀರುವಿನಲ್ಲಿ ಕೂರುತ್ತೆ.

ಎರಡು, ಹುಡುಕೋದು ಹೇಗೆ. ದೇಶಕ್ಕೆಲ್ಲ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ ಇದೆ, 1951ರಲ್ಲಿ ಶುರುವಾದದ್ದು. ಅದರ ಕೆಳಗೆ ನಮ್ಮ ರಾಜ್ಯಕ್ಕೆ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್. ನಿಮ್ಮ ಊರಿಗೆ ಹತ್ತಿರದ ಕ್ಲಬ್ ಯಾವುದು ಅಂತ ಮೊದಲು ಅಲ್ಲಿ ವಿಚಾರಿಸಿ. ಯಾವ ಕ್ಲಬ್ಬಿಗೆ ಹೋದರೂ "ನಿಮಗೆ ಸಂಯೋಜನೆ ಇದೆಯಾ, ಇಲ್ಲಿಂದ ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗಬಹುದಾ" ಅಂತ ಕೇಳಿ. ಕಾಲೇಜಿನಲ್ಲಿರುವವರಾದರೆ ಎನ್‌ಸಿಸಿ ಸೇರಿ, ಅಲ್ಲಿ .22 ರೈಫಲ್ ಹೊಡೆಸುತ್ತಾರೆ. ಇನ್ನೊಂದು ದಾರಿ ನಮ್ಮ ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ. ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬಂದಿರುತ್ತೆ, ನಾವು ಓದೋದಿಲ್ಲ ಅಷ್ಟೇ. ಅದರಲ್ಲಿ ಕೋವಿಯನ್ನು ಸುರಕ್ಷಿತವಾಗಿ ಹಿಡಿಯೋದು, ಬಿಚ್ಚೋದು, ಜೋಡಿಸೋದು, ಗುರಿ ಹೊಡೆಯೋದು ಎಲ್ಲ ಕಲಿಸುತ್ತಾರೆ.

ಮೂರು, ರೇಂಜಿಗೆ ಹೋದ ಮೊದಲ ದಿನ ಹೊಡೆಯಬೇಡಿ, ನೋಡಿ. ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆಗೇ ಇದೆಯಾ? ಹೊಡೆಯದೇ ಇರುವಾಗ ನಳಿಗೆಯೊಳಗೆ ಬಣ್ಣದ ಸೇಫ್ಟಿ ದಾರ ಹಾಕಿಟ್ಟಿದ್ದಾರಾ? ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನಿಂದ ಹೊರಗಿದೆಯಾ? "ಸ್ಟಾಪ್" ಅಂದ ಕೂಡಲೇ ಎಲ್ಲರೂ ನಿಲ್ಲಿಸುತ್ತಾರಾ? ಖಾಲಿ ಅಂತ ಗೊತ್ತಿದ್ದರೂ ತುಂಬಿದೆ ಅಂತಲೇ ತಿಳಿದು ಹಿಡಿಯುತ್ತಾರಾ? ಇವೆಲ್ಲ ಇದ್ದರೆ ಸೇರಿಕೊಳ್ಳಿ. ಅದು ಬಿಟ್ಟು ಯಾರಾದರೂ ಪಿಸ್ತೂಲು ಹಿಡಿದು ಸೆಲ್ಫಿಗೆ ಪೋಸ್ ಕೊಡ್ತಾ ಇದ್ದು, ಕೋಚ್ ನಗ್ತಾ ನಿಂತಿದ್ದರೆ ಚಪ್ಪಲಿ ಹಾಕ್ಕೊಂಡು ವಾಪಸ್ ಬನ್ನಿ. ಹಾಂ, ಪೆಲೆಟ್ಟು ಸೀಸದ್ದು. ಹೊಡೆದಾದ ಮೇಲೆ ಕೈ ತೊಳೆಯದೆ ಬೋಂಡಾ ತಿನ್ನಬೇಡಿ.

ನಾಲ್ಕು, ಪಿಸ್ತೂಲಾ ರೈಫಲ್ಲಾ? ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಲೀಟರಿನ ನೀರಿನ ಬಾಟಲು ತುಂಬಿ, ಒಂದೇ ಕೈಯಲ್ಲಿ ಹಿಡಿದು ಕೈ ನೇರ ಚಾಚಿ ಮೂವತ್ತು ಸೆಕೆಂಡು ನಿಲ್ಲಿ. ಏರ್ ಪಿಸ್ತೂಲು ಹೆಚ್ಚುಕಮ್ಮಿ ಅಷ್ಟೇ ಭಾರ, ಒಂದೇ ಕೈಯಲ್ಲಿ ಹೊಡೆಯಬೇಕು. ಪಂದ್ಯದಲ್ಲಿ 75 ನಿಮಿಷದಲ್ಲಿ 60 ಸಲ. ಹತ್ತು ಅಂಕದ ವೃತ್ತ 11.5 ಮಿಲಿಮೀಟರ್, ಅಂದರೆ ಒಂದು ರೂಪಾಯಿ ನಾಣ್ಯದ ಅರ್ಧ ಅಗಲ. ರೈಫಲ್ಲಿನಲ್ಲಿ ಎರಡು ಕೈ, ಬಿಗಿ ಜಾಕೆಟ್ಟು ಎಲ್ಲ ಇರುತ್ತೆ. ಆದರೆ ಅಲ್ಲಿ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್! ಪೆನ್ನಿನ ಚುಕ್ಕೆ.

ನನ್ನಂಥ ಕೀಲಿಮಣೆ ಕುಟ್ಟುವವರಿಗೆ ಈ ಆಟ ಯಾಕೆ ಹಿಡಿಸುತ್ತೆ ಗೊತ್ತಾ? ಕೋಚ್ ಮೊದಲ ದಿನವೇ "ಹತ್ತಕ್ಕೆ ಹೊಡೆಯೋಕೆ ಹೋಗಬೇಡ, ಎಲ್ಲ ಒಂದೇ ಜಾಗಕ್ಕೆ ಬೀಳೋ ಹಾಗೆ ಹೊಡಿ" ಅಂದರು. ಇದನ್ನ ಗ್ರೂಪಿಂಗ್ ಅಂತಾರೆ. ಹತ್ತು ಪೆಲೆಟ್ಟೂ ಎಡಗಡೆ ಕೆಳಗೆ ಒಂದೇ ಕಡೆ ಗುಂಪಾಗಿ ಬಿದ್ದರೆ ಸೈಟಿನ ಸ್ಕ್ರೂ ನಾಲ್ಕು ಸಲ ತಿರುಗಿಸಿದರೆ ಆಯ್ತು. ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಸ್ಕ್ರೂ ಏನೂ ಮಾಡೋಕಾಗಲ್ಲ, ತಪ್ಪು ನಿಮ್ಮಲ್ಲೇ ಇದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬಗ್ ಮೊದಲು ರಿಪ್ರೊಡ್ಯೂಸ್ ಆಗಬೇಕು, ಆಮೇಲೆ ಫಿಕ್ಸು. ಕಣ್ಣು ಇಡಬೇಕಾದ್ದು ಗುರಿಯ ಮೇಲಲ್ಲ, ಪಿಸ್ತೂಲಿನ ಮುಂದಿನ ಸೈಟಿನ ಮೇಲೆ. ಗುರಿ ಮಸುಕಾಗೇ ಕಾಣಬೇಕು. ಕೈ ನಡುಗಿದರೆ, ಮನಸ್ಸು ಎಲ್ಲೋ ಹೋದರೆ, ಹೊಡೆಯದೇ ಕೈ ಇಳಿಸಬೇಕು. ಹೊಡೆಯೋದಕ್ಕಿಂತ ಹೊಡೆಯದೇ ಇಳಿಸೋದು ಕಲಿಯೋಕೆ ಕಷ್ಟ. ನಮ್ಮಮ್ಮ "ಬಂದೂಕು ಕಲಿತು ಯಾರನ್ನ ಹೊಡೆಯೋಕೆ ಹೋಗ್ತೀಯಪ್ಪಾ" ಅಂದಾಗ ನಾನು ಕೊಟ್ಟ ಉತ್ತರ ಇದೇ. ರೇಂಜು ಕಲಿಸೋದು ಮುಖ್ಯವಾಗಿ ಕೈ ಇಳಿಸೋದನ್ನ.

ವಯಸ್ಸಾಯ್ತು, ಈಗೇನು ಕಲಿಯೋದು ಅನ್ನುವವರಿಗೆ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ ಇದ್ದಾರೆ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ವಾಪಸ್ ಬಂದು ಪಿಸ್ತೂಲು ಹಿಡಿದರು. 2013ರ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2016ರಲ್ಲಿ ರಿಯೋ ಒಲಿಂಪಿಕ್ಸ್. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್ಪಿನಲ್ಲಿ ಸರಬ್‌ಜೋತ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. ಗಮನಿಸಿದಿರಾ? ಇಬ್ಬರೂ ಬೆಂಗಳೂರು. ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಳೆಗೆ ಮನೆಯಲ್ಲಿ ರೇಂಜ್ ಇರಲಿಲ್ಲ. ಅವರನ್ನು ಬೆಳೆಸಿದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಯೋಜನೆ. ಪ್ಯಾರಿಸ್‌ಗೆ ಹೋದಾಗ ಅವರು ರೈಲ್ವೆ ನೌಕರ. ಹುಡುಗನಿಗೆ ಪ್ರತಿಭೆ ಇತ್ತು ನಿಜ, ಅದನ್ನು ತೋರಿಸೋಕೆ ಒಂದು ಜಾಗವೂ ಇತ್ತು.

ಆ ಜಾಗ ಅಂದರೆ ಏನು ಮಹಾ? ಲೆಕ್ಕ ಹಾಕಿ. ಶಟಲ್ ಬ್ಯಾಡ್ಮಿಂಟನ್ ಅಂಕಣದ ಉದ್ದ 13.4 ಮೀಟರ್, ಅಗಲ 6.1 ಮೀಟರ್. ಗುರಿಗೆ ಹತ್ತು ಮೀಟರ್ ಬಿಟ್ಟರೂ ನಿಲ್ಲೋಕೆ ಹಿಂದೆ ಮೂರು ಮೀಟರಿಗಿಂತ ಜಾಸ್ತಿ ಉಳಿಯುತ್ತೆ. ಒಬ್ಬರಿಗೆ ಒಂದು ಮೀಟರ್ ಅಗಲ ಅಂದರೂ ಐದು ಜನ ಆರಾಮಾಗಿ ನಿಂತು ಹೊಡೆಯಬಹುದು. ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಕಬ್ಬಿಣದ ಡಬ್ಬಿ, ಪೇಪರ್ ಟಾರ್ಗೆಟ್ಟು, ಬೀಗ ಹಾಕುವ ಒಂದು ಬೀರು, ಐದಾರು ಸಾಧಾರಣ ಏರ್ ರೈಫಲ್ಲು, ಮತ್ತೆ ತರಬೇತಿ ಆದ ಒಬ್ಬರು. ನಾನು ಎಲೆಕ್ಟ್ರಾನಿಕ್ ಟಾರ್ಗೆಟ್ ಕೇಳ್ತಿಲ್ಲ, ಏಸಿ ಕೇಳ್ತಿಲ್ಲ. ತಾಲೂಕು ಕೇಂದ್ರಗಳಲ್ಲಿ ವರ್ಷಕ್ಕೆರಡು ಸಲ ಬಾಗಿಲು ತೆಗೆಯುವ ಸರ್ಕಾರಿ ಸಭಾಂಗಣಗಳು ಎಷ್ಟಿಲ್ಲ? ಪೊಲೀಸರ ಹತ್ತಿರ ಕಲಿಸುವವರು ಇದ್ದಾರೆ, ವರ್ಷಕ್ಕೊಮ್ಮೆ ಶಿಬಿರ ಹೇಗೂ ಮಾಡ್ತಾರೆ. ಅದನ್ನೇ ವಾರಕ್ಕೊಂದು ಭಾನುವಾರ ಮಾಡಿದರೆ?

"ಶಾಲೆಗೆ ಶೌಚಾಲಯ ಇಲ್ಲ, ನಿನಗೆ ಶೂಟಿಂಗ್ ರೇಂಜಾ" ಅಂತ ನೀವು ಬೈಯಬಹುದು. ಶೌಚಾಲಯ ಮೊದಲು, ಒಪ್ಪಿದೆ. ಆದರೆ ಏರ್‌ಗನ್ ಮಾರಾಟ ನಾವು ರೇಂಜ್ ಕಟ್ಟುವ ತನಕ ಕಾಯೋದಿಲ್ಲವಲ್ಲ. ಅದು ಈಗಲೇ ಮನೆ ಮನೆಗೆ ಹೋಗ್ತಾ ಇದೆ. ಕಲಿಸುವವರಿಲ್ಲದ ಕಡೆ ಅದು ಆಟದ ಸಾಮಾನೂ ಅಲ್ಲ, ಕ್ರೀಡೆಯೂ ಅಲ್ಲ.

ದಸರಾ ರಜೆಗೆ ಅಕ್ಕನ ಮಗ ಬೆಂಗಳೂರಿಗೆ ಬಂದಿದ್ದ. ಕೋಚನ್ನ ಕೇಳಿ ಒಂದು ಬೆಳಿಗ್ಗೆ ಕರ್ಕೊಂಡು ಹೋದೆ. ಮೊದಲ ಅರ್ಧ ಗಂಟೆ ಬರೀ ನಿಲ್ಲೋದು, ಖಾಲಿ ರೈಫಲ್ ಎತ್ತೋದು, ಇಳಿಸೋದು. ಆಮೇಲೆ ಹತ್ತು ಪೆಲೆಟ್ ಕೊಟ್ಟರು. ನಾಲ್ಕು ಪೇಪರಿನ ಹೊರಗೆ :-) ಬರುವಾಗ ಬಸ್ಸಿನಲ್ಲಿ ಸುಮ್ಮನಿದ್ದವನು ಮೆಜೆಸ್ಟಿಕ್ ಹತ್ತಿರ ಬರುವಾಗ "ಮಾಮ, ಏರ್‌ಗನ್ ಬ್ಯಾಡ. ಇಂಥದ್ದು ನಮ್ಮ ಕಡೆ ಎಲ್ಲಾದ್ರೂ ಇದ್ಯಾ ನೋಡು" ಅಂದ. ನೋಡ್ತಾ ಇದೀನಿ. ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸ್ ಬರುವಷ್ಟು ಹತ್ತಿರದಲ್ಲಿ ಇನ್ನೂ ಒಂದೂ ಸಿಕ್ಕಿಲ್ಲ.

ನಿಮ್ಮ ಊರಿನಲ್ಲಿ, ಜಿಲ್ಲೆಯಲ್ಲಿ ಇಂಥದ್ದೊಂದು ಜಾಗ ಇದ್ದರೆ ಅಕ್ಕಪಕ್ಕದ ಹುಡುಗರಿಗೆ ದಯವಿಟ್ಟು ಹೇಳಿ. ಇಲ್ಲದಿದ್ದರೆ ನಿಮ್ಮ ಕ್ರೀಡಾ ಇಲಾಖೆಯ ಕಚೇರಿಗೆ ಒಂದು ಅರ್ಜಿ ಬರೆಯಿರಿ, 13.4 ಮೀಟರಿನ ಲೆಕ್ಕವನ್ನೂ ಸೇರಿಸಿ. ಮನೆಯಲ್ಲಿ ಯಾರಾದರೂ ಏರ್‌ಗನ್ ಕೊಡಿಸಿ ಅಂತ ಹಟ ಹಿಡಿದಿದ್ದರೆ, ಕೊಡಿಸುವ ಮೊದಲು ಅದನ್ನ ಎಲ್ಲಿ ಹೊಡೀತೀಯಾ ಅಂತ ಕೇಳಿ.

ನೀವೇನಂತೀರಿ?